ಕಾರ್ಲ್‌ಟನ್ ಚಾಪ್‌ಮನ್: ಆಟದ ಅಂಗಳದಿಂದ ತರಬೇತುದಾರನ ಆಸನಕ್ಕೆ

ಮೂಡಿಗೆರೆ: ಮಲೆನಾಡಿನ ಕಾಫಿ ಸೀಮೆಯಲ್ಲಿ ಮಳೆಗಾಲವೆಂದರೆ ಕೆಸರುಗದ್ದೆ ಕ್ರೀಡಾಕೂಟಗಳ ಕಾಲ. ನಾಟಿಗೆ ಹದಗೊಳಿಸಿದ ಗದ್ದೆಗಳಲ್ಲಿ ಓಟ, ಹಗ್ಗಜಗ್ಗಾಟ, ವಾಲಿಬಾಲ್ ನಡೆಯುತ್ತವೆ. ಹುಡುಗರು ಕೆಸರಿನಲ್ಲೇ ಚೆಂಡು ಒದೆಯುವುದೂ ಉಂಟು. ಕಾಫಿ ಕೊಯ್ಲು ಮುಗಿದ ಬಳಿಕ ಶಾಲಾ ಮೈದಾನಗಳಲ್ಲಿ ಕ್ರಿಕೆಟ್, ವಾಲಿಬಾಲ್ ಮತ್ತು ಕಬಡ್ಡಿಗೇ ಅಗ್ರಸ್ಥಾನ. ಮೂಡಿಗೆರೆ, ಕಳಸ ಭಾಗದಲ್ಲಿ ಫುಟ್‌ಬಾಲ್ ನೋಡುವವರಿಗೆ ಕೊರತೆಯಿಲ್ಲ. ವಿಶ್ವಕಪ್ ಬಂತೆಂದರೆ ನಡುರಾತ್ರಿ ಕಳೆದರೂ ಟಿ.ವಿ. ಮುಂದಿನಿಂದ ಏಳದವರಿದ್ದಾರೆ. ಆದರೆ ಚೆನ್ನಾಗಿ ಆಡುವ ಹುಡುಗನೊಬ್ಬ ಈ ಆಟವನ್ನೇ ಬದುಕಾಗಿಸಿಕೊಳ್ಳುತ್ತೇನೆಂದರೆ ಹೆತ್ತವರು ಕೇಳುವ ಮೊದಲ ಪ್ರಶ್ನೆ ಒಂದೇ: ವಯಸ್ಸು ಮೂವತ್ತೈದು ದಾಟಿದ ಮೇಲೆ ಮುಂದೇನು?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ದೊರೆಯುವ ಅತ್ಯಂತ ಸ್ಪಷ್ಟ ಉತ್ತರ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರ ಜೀವನದಲ್ಲಿದೆ. ಭಾರತ ತಂಡದ ನಾಯಕತ್ವ ವಹಿಸಿದ, ದೇಶದ ಎರಡು ಪ್ರಮುಖ ಕ್ಲಬ್‌ಗಳೊಂದಿಗೆ ರಾಷ್ಟ್ರೀಯ ಲೀಗ್ ಗೆದ್ದ ಈ ಆಟಗಾರ ನಿವೃತ್ತಿಯ ನಂತರ ಸುಮಾರು ಎರಡು ದಶಕಗಳ ಕಾಲ ತರಬೇತಿಯ ಕ್ಷೇತ್ರದಲ್ಲಿದ್ದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರ ವಯಸ್ಸು ಕೇವಲ 49. ಆಟಗಾರನಾಗಿ ಅವರು ತಲುಪದ ಶಿಖರ ದೇಶದಲ್ಲಿ ಹೆಚ್ಚೇನೂ ಇರಲಿಲ್ಲ. ತರಬೇತುದಾರನಾಗಿ ಮಾತ್ರ ಅಗ್ರ ಶ್ರೇಣಿಯ ಕ್ಲಬ್ ಒಂದರ ಚುಕ್ಕಾಣಿ ಅವರ ಕೈಗೆ ಬರಲಿಲ್ಲ. ಹೀಗೇಕಾಯಿತು ಎಂಬುದನ್ನು ತಿಳಿಯಲು ಅವರೊಬ್ಬರ ಪ್ರತಿಭೆಯನ್ನಷ್ಟೇ ಅಳೆದರೆ ಸಾಲದು, ಅವರು ಆಡಿದ ಕ್ಲಬ್‌ಗಳಿಗೆ ಮುಂದೇನಾಯಿತು ಎಂಬುದನ್ನೂ ನೋಡಬೇಕು.

ಮ್ಯಾನೇಜರ್ ಎಂದರೆ ಯಾರು?

ಕ್ರಿಕೆಟ್ ನೋಡಿ ಬೆಳೆದ ಓದುಗರಿಗೆ ಮ್ಯಾನೇಜರ್ ಎಂದರೆ ತಂಡದ ಪ್ರಯಾಣ, ವಸತಿ, ಭತ್ಯೆಗಳ ವ್ಯವಸ್ಥೆ ನೋಡಿಕೊಳ್ಳುವ ಅಧಿಕಾರಿ. ಫುಟ್‌ಬಾಲಿನಲ್ಲಿ ಈ ಪದದ ಅರ್ಥವೇ ಬೇರೆ. ಹನ್ನೊಂದು ಮಂದಿ ಯಾರೆಂದು ನಿರ್ಧರಿಸುವವರು, ಅವರು ನಿಲ್ಲುವ ವ್ಯೂಹವನ್ನು ರೂಪಿಸುವವರು, ಪಂದ್ಯದ ನಡುವೆ ಬದಲಿ ಆಟಗಾರನನ್ನು ಇಳಿಸುವವರು, ಎಷ್ಟೋ ಕ್ಲಬ್‌ಗಳಲ್ಲಿ ಹೊಸ ಆಟಗಾರರನ್ನು ಆರಿಸುವವರೂ ಇವರೇ. ಭಾರತದಲ್ಲಿ ಇದೇ ಹೊಣೆ ಹೊತ್ತವರನ್ನು ಪ್ರಧಾನ ತರಬೇತುದಾರ ಅಥವಾ ಕೋಚ್ ಎಂದು ಕರೆಯುವುದು ರೂಢಿ. ತಂಡ ಸೋತರೆ ಮೊದಲು ಹೋಗುವುದು ಇವರ ಕೆಲಸವೇ.

ಗೋಲು ಹೊಡೆಯುವವನ ಸ್ವಭಾವಕ್ಕೂ ಈ ಹುದ್ದೆಯ ಸ್ವಭಾವಕ್ಕೂ ಸಹಜವಾದ ನಂಟಿಲ್ಲ. ಮುಂಚೂಣಿಯ ಆಟಗಾರನಿಗೆ ಎದುರಾಳಿಯ ಗೋಲುಪೆಟ್ಟಿಗೆಯ ಮೇಲೆಯೇ ಕಣ್ಣು. ತರಬೇತುದಾರನಾದರೋ ಇಡೀ ಅಂಗಳವನ್ನು ನೋಡಬೇಕು. ಚಾಪ್‌ಮನ್ ಅಪ್ಪಟ ಸ್ಟ್ರೈಕರ್ ಆಗಿರಲಿಲ್ಲ. ಅವರದು ಮಧ್ಯಾಂಗಣದಿಂದ ಮುನ್ನುಗ್ಗಿ ದಾಳಿ ಕಟ್ಟುವ, ಅವಕಾಶ ಸಿಕ್ಕಾಗ ತಾವೇ ಗೋಲು ಹೊಡೆಯುವ ಆಟ. ರಕ್ಷಣೆ ಮತ್ತು ದಾಳಿ ಎರಡನ್ನೂ ಬೆಸೆಯುವ ಈ ಸ್ಥಾನದಲ್ಲಿ ಆಡಿದವರಿಗೆ ಅಂಗಳದ ಎರಡೂ ತುದಿಗಳ ಪರಿಚಯವಿರುತ್ತದೆ. ತರಬೇತಿಗೆ ಇಳಿಯುವವರಿಗೆ ಇದು ಒಳ್ಳೆಯ ಬಂಡವಾಳ.

ದಂಡು ಪ್ರದೇಶದ ಬಳುವಳಿ

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಬ್ರಿಟಿಷ್ ಪಡೆಗಳು ಬೀಡುಬಿಟ್ಟಿದ್ದ ಬೆಂಗಳೂರು ದಂಡು ಪ್ರದೇಶಕ್ಕೆ ಫುಟ್‌ಬಾಲ್ ಬಂದದ್ದು ಸೈನಿಕರೊಂದಿಗೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂತಹ ಬಡಾವಣೆಗಳಲ್ಲಿ ಆ ಆಟ ಸ್ಥಳೀಯರ ಆಟವಾಗಿ ಬೇರೂರಿತು. ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆ ಅವರ ಪ್ರತಿಮೆಯನ್ನೇ ನಿಲ್ಲಿಸಲಾಗಿದೆ ಎಂಬುದು ಅಲ್ಲಿಯ ಅಭಿಮಾನಕ್ಕೆ ಸಾಕ್ಷಿ.

ಈ ನೆಲದ ಸಾಧನೆ ಸಣ್ಣದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷವೂ ಪ್ರಶಸ್ತಿ ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತರೂ ಆ ಪಂದ್ಯದಲ್ಲಿ ಸಾರಂಗಪಾಣಿ ರಾಮನ್ ಗಳಿಸಿದ್ದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನ ಮುಂಚೂಣಿಯ ಐವರಲ್ಲಿ ಒಬ್ಬರಾಗಿ, ಪಂಚಪಾಂಡವರೆಂಬ ಹೆಸರಿಗೆ ಪಾತ್ರರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದ ಭಾರತದ ಬಳಗದಲ್ಲಿ ಬೆಂಗಳೂರಿನ ಅರುಮೈನಾಯಗಂ ಸ್ಥಾನ ಪಡೆದಿದ್ದರು. ಮೈಸೂರು ತಂಡವು 1946, 1952, 1967 ಮತ್ತು 1968ರ ಋತುಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು.

ಈ ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಂಗಳೂರು ಆಟಗಾರರನ್ನು ಕೊಡುತ್ತಿತ್ತು, ಅವರಿಗೆ ಹೆಸರು ಮತ್ತು ಹಣ ಬರುತ್ತಿದ್ದುದು ಹೆಚ್ಚಾಗಿ ಕೋಲ್ಕತ್ತದಲ್ಲಿ. ಚಾಪ್‌ಮನ್ ಕೂಡ ಇದೇ ಹಾದಿ ಹಿಡಿದರು.

ಜೆಮ್‌ಷೆಡ್‌ಪುರದಿಂದ ಕೋಲ್ಕತ್ತಕ್ಕೆ

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಆಟ ಕಲಿತ ಚಾಪ್‌ಮನ್, ಸ್ಥಳೀಯ ಸದರ್ನ್ ಬ್ಲೂಸ್ ಕ್ಲಬ್‌ನಲ್ಲಿ ಆಡಿ, 1990ರಲ್ಲಿ ಜೆಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಆರಂಭವಾದ ಈ ಅಕಾಡೆಮಿ ಹದಿಹರೆಯದ ಆಟಗಾರರಿಗೆ ವಸತಿ, ಓದು ಮತ್ತು ತರಬೇತಿ ಮೂರನ್ನೂ ಒಂದೇ ಕಡೆ ಒದಗಿಸಿತು. ಆ ಕಾಲದ ಭಾರತದಲ್ಲಿ ಇದು ಅಪರೂಪದ ವ್ಯವಸ್ಥೆ.

ಅಲ್ಲಿಂದ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಚಾಪ್‌ಮನ್ ಮೊದಲ ಋತುವಿನಲ್ಲೇ ದೇಶದ ಗಮನ ಸೆಳೆದರು. ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯ ಮೊದಲ ಸುತ್ತಿನಲ್ಲಿ ಇರಾಕ್‌ನ ಅಲ್ ಜವ್ರಾ ಕ್ಲಬ್ ಎದುರಾಗಿತ್ತು. ಪಶ್ಚಿಮ ಏಷ್ಯಾದ ಬಲಾಢ್ಯ ತಂಡಗಳ ಎದುರು ಭಾರತದ ಕ್ಲಬ್‌ಗಳು ಗೆಲ್ಲುವುದಿರಲಿ, ಗೌರವಯುತವಾಗಿ ಸೋತರೂ ಸಾಕೆಂಬ ದಿನಗಳವು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು 22ರ ಹರೆಯದ ಚಾಪ್‌ಮನ್ ಅವರದು. ಭಾರತದ ಕ್ಲಬ್ ಫುಟ್‌ಬಾಲಿನ ನೆನಪಿಡಬೇಕಾದ ಗೆಲುವುಗಳಲ್ಲಿ ಈ ಪಂದ್ಯವನ್ನು ಇಂದಿಗೂ ಎಣಿಸಲಾಗುತ್ತದೆ.

ಜೆಸಿಟಿಯ ಸುವರ್ಣ ಕಾಲ

1995ರಲ್ಲಿ ಚಾಪ್‌ಮನ್ ಪಂಜಾಬಿನ ಫಗ್ವಾರಾಕ್ಕೆ ತೆರಳಿದರು. ಅಲ್ಲಿಯ ಬಟ್ಟೆ ಗಿರಣಿ ಜೆಸಿಟಿ ಕಟ್ಟಿದ ತಂಡದಲ್ಲಿ ಆಗ ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಂನ ಬೈಚುಂಗ್ ಭುಟಿಯಾ ಇದ್ದರು. ಮುಂದೆ ವಿಜಯನ್, ಭುಟಿಯಾ, ಅವರ ಬೆನ್ನಿಗೆ ಚೆಂಡು ಒದಗಿಸಲು ಚಾಪ್‌ಮನ್. ದೇಶದ ಮೂರು ದಿಕ್ಕುಗಳಿಂದ ಬಂದ ಈ ಮೂವರ ಹೊಂದಾಣಿಕೆಯನ್ನು ಎದುರಿಸುವುದು ಯಾವ ರಕ್ಷಣಾ ಪಡೆಗೂ ಸುಲಭವಿರಲಿಲ್ಲ. 1995 ಮತ್ತು 1996ರಲ್ಲಿ ಜೆಸಿಟಿ ಫೆಡರೇಷನ್ ಕಪ್ ಗೆದ್ದಿತು.

1996ರ ಕೊನೆಯಲ್ಲಿ ಭಾರತದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಅದುವರೆಗೆ ದೇಶದ ಕ್ಲಬ್‌ಗಳು ಆಯಾ ನಗರದ ಲೀಗ್‌ಗಳಲ್ಲಿ ಆಡುತ್ತಿದ್ದವು, ಡುರಾಂಡ್, ರೋವರ್ಸ್, ಫೆಡರೇಷನ್ ಕಪ್‌ಗಳಂತಹ ಟೂರ್ನಿಗಳಲ್ಲಿ ಮಾತ್ರ ಪರಸ್ಪರ ಎದುರಾಗುತ್ತಿದ್ದವು. ಇಡೀ ದೇಶಕ್ಕೆ ಒಂದು ಲೀಗ್ ಎಂಬುದು ಹೊಸ ಕಲ್ಪನೆ. 1996-97ರ ಆ ಮೊದಲ ಪ್ರಶಸ್ತಿ ಮೋಹನ್ ಬಾಗಾನ್‌ಗಾಗಲೀ ಈಸ್ಟ್ ಬೆಂಗಾಲ್‌ಗಾಗಲೀ ಒಲಿಯಲಿಲ್ಲ. ಅದನ್ನು ಎತ್ತಿಹಿಡಿದದ್ದು ಜೆಸಿಟಿ.

1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಹುಟ್ಟಿಕೊಂಡಿತು. ಕಂಪನಿಯ ನೌಕರಿಯ ಹಂಗಿಲ್ಲದೆ ಪೂರ್ಣ ವೃತ್ತಿಪರ ಕ್ಲಬ್ ನಡೆಸುವ ಪ್ರಯತ್ನ ಅದು. ವಿಜಯನ್ ಅವರಂತೆ ಚಾಪ್‌ಮನ್ ಕೂಡ ಅಲ್ಲಿಗೆ ಹೋದರು. ಆ ವರ್ಷವೇ ಕ್ಲಬ್ ಡುರಾಂಡ್ ಕಪ್ ಗೆದ್ದು, ಆ ಪ್ರಶಸ್ತಿ ಪಡೆದ ಕೇರಳದ ಮೊದಲ ತಂಡವಾಯಿತು. ಚಾಪ್‌ಮನ್ ಮಾತ್ರ ಹೆಚ್ಚು ಕಾಲ ನಿಲ್ಲದೆ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಅವರ ನಾಯಕತ್ವದಲ್ಲಿ ಕ್ಲಬ್ ತನ್ನ ಚರಿತ್ರೆಯ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದಿತು. 1995ರಿಂದ 2001ರವರೆಗೆ ಭಾರತದ ಪರ ಆಡಿದ ಚಾಪ್‌ಮನ್, ಕಠ್ಮಂಡುವಿನಲ್ಲಿ 1997ರ ಸ್ಯಾಫ್ ಕಪ್ ಗೆದ್ದ ತಂಡದಲ್ಲೂ ಇದ್ದರು. 2001ರಲ್ಲಿ, ಗೆಲುವಿನ ತುದಿಯಲ್ಲಿರುವಾಗಲೇ, ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ಆಗ ಅವರಿಗೆ ಮೂವತ್ತು ವರ್ಷ.

ಎರಡನೆಯ ಇನಿಂಗ್ಸ್

ತರಬೇತುದಾರನಾಗಿ ಚಾಪ್‌ಮನ್ ಆರಂಭಿಸಿದ್ದು ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ. 2002ರಿಂದ ಅಲ್ಲಿಯ ಕಿರಿಯರಿಗೆ ಪಾಠ ಹೇಳಿಕೊಟ್ಟರು. ಬಳಿಕ ಮೇಘಾಲಯದ ರಾಜಧಾನಿ ಶಿಲ್ಲಾಂಗ್‌ನ ರಾಯಲ್ ವಾಹಿಂಗ್‌ಡೋ ಕ್ಲಬ್‌ನ ಹೊಣೆ ವಹಿಸಿಕೊಂಡರು. ಫುಟ್‌ಬಾಲೇ ಮೊದಲ ಆಟವಾಗಿರುವ ಗುಡ್ಡಗಾಡು ಊರದು. ಚಾಪ್‌ಮನ್ ಮಾರ್ಗದರ್ಶನದಲ್ಲಿ ಕ್ಲಬ್ ಶಿಲ್ಲಾಂಗ್ ಪ್ರೀಮಿಯರ್ ಲೀಗ್ ಪ್ರಶಸ್ತಿಗಳನ್ನು ಗೆದ್ದಿತು. 2011ರಲ್ಲಿ ಅಸ್ಸಾಮಿನ ಹಳೆಯ ಟೂರ್ನಿಯಾದ ಬೋರ್ದೊಲೋಯ್ ಟ್ರೋಫಿಯೂ ಅದಕ್ಕೆ ದಕ್ಕಿತು. ತರಬೇತುದಾರನಾಗಿ ಚಾಪ್‌ಮನ್ ಅವರ ಅತ್ಯಂತ ಫಲಪ್ರದ ಅವಧಿ ಇದೇ.

ನಂತರದ ವರ್ಷಗಳಲ್ಲಿ ಅವರು ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೊನೆಗೆ ಕೋಯಿಕ್ಕೋಡ್‌ನ ಕ್ವಾರ್ಟ್ಜ್ ಎಫ್‌ಸಿ ಜತೆ ಕೆಲಸ ಮಾಡಿದರು. ಎಲ್ಲವೂ ಎರಡನೇ ಶ್ರೇಣಿಯಲ್ಲೋ ಅದಕ್ಕೂ ಕೆಳಗಿನ ಹಂತದಲ್ಲೋ ಹೆಣಗುತ್ತಿದ್ದ ಕ್ಲಬ್‌ಗಳು. ಅಂಥಲ್ಲಿ ತರಬೇತುದಾರನ ಒಪ್ಪಂದ ಹೆಚ್ಚೆಂದರೆ ಒಂದು ಋತುವಿನದು. ಪ್ರಾಯೋಜಕ ಹಿಂದೆ ಸರಿದರೆ ಕೆಲಸವೂ ಹೋಯಿತು. ಪ್ರತಿ ಸಲವೂ ಹೊಸ ಊರು, ಹೊಸ ಆಟಗಾರರು. ಒಂದು ತಂಡವನ್ನು ನಾಲ್ಕೈದು ವರ್ಷ ಕೈಯಲ್ಲಿಟ್ಟುಕೊಂಡು ಕಟ್ಟುವ ಅವಕಾಶ ಶಿಲ್ಲಾಂಗ್ ಬಿಟ್ಟರೆ ಅವರಿಗೆ ಬೇರೆಲ್ಲೂ ಸಿಗಲಿಲ್ಲ.

ಕೊರಿಯಾದಲ್ಲಿ ಒಂದು ಹೋಲಿಕೆ

ಅದೇ ಏಷ್ಯಾದ ಇನ್ನೊಬ್ಬ ಆಟಗಾರನ ಜೀವನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದಕ್ಷಿಣ ಕೊರಿಯಾದ ಹ್ವಾಂಗ್ ಸುನ್ ಹಾಂಗ್ ಹುಟ್ಟಿದ್ದು 1968ರಲ್ಲಿ, ಚಾಪ್‌ಮನ್‌ಗಿಂತ ಮೂರು ವರ್ಷ ಮೊದಲು. ಇವರು ಅಪ್ಪಟ ಸ್ಟ್ರೈಕರ್. 103 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 50 ಗೋಲು ಗಳಿಸಿದವರು. 1994ರ ವಿಶ್ವಕಪ್‌ನಲ್ಲಿ ಬೊಲಿವಿಯಾ ವಿರುದ್ಧ ಗೋಲಿನ ಅವಕಾಶಗಳನ್ನು ಕೈಚೆಲ್ಲಿ ತವರಿನಲ್ಲಿ ಕಟುಟೀಕೆಗೆ ಗುರಿಯಾದರು. 1998ರಲ್ಲಿ ತಂಡದಲ್ಲಿದ್ದರೂ ಗಾಯದಿಂದಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಕೊನೆಗೆ 2002ರ ಜೂನ್ 4ರಂದು ಬುಸಾನ್‌ನಲ್ಲಿ ಪೋಲೆಂಡ್ ವಿರುದ್ಧ ಮೊದಲ ಗೋಲು ಹೊಡೆದು, ವಿಶ್ವಕಪ್‌ನಲ್ಲಿ ಕೊರಿಯಾದ ಚೊಚ್ಚಲ ಗೆಲುವಿಗೆ ಬಾಗಿಲು ತೆರೆದರು. ಆ ಟೂರ್ನಿಯಲ್ಲಿ ಕೊರಿಯಾ ಸೆಮಿಫೈನಲ್‌ವರೆಗೆ ಹೋಯಿತು.

ಹ್ವಾಂಗ್ ಅವರು ಆಟಗಾರನಾಗಿ ಹೆಚ್ಚು ಕಾಲ ಕಳೆದ ಕ್ಲಬ್ ಪೋಹಾಂಗ್ ಸ್ಟೀಲರ್ಸ್. 1993ರಿಂದ 1998ರವರೆಗೆ ಅಲ್ಲಿದ್ದರು. ಇದು ಪೋಸ್ಕೊ ಉಕ್ಕಿನ ಕಂಪನಿ 1973ರಲ್ಲಿ ಕಟ್ಟಿದ ತಂಡ. ಜೆಸಿಟಿ ಬಟ್ಟೆ ಗಿರಣಿಯ ತಂಡವಾದರೆ ಪೋಹಾಂಗ್ ಉಕ್ಕಿನ ಕಾರ್ಖಾನೆಯ ತಂಡ. ಮೂಲದಲ್ಲಿ ಎರಡೂ ಒಂದೇ ಜಾತಿಯವು.

2003ರಲ್ಲಿ ನಿವೃತ್ತರಾದ ಹ್ವಾಂಗ್ ಸಹಾಯಕ ತರಬೇತುದಾರನಾಗಿ ಕೆಲಸ ಕಲಿತು, 2008ರಿಂದ ಮೂರು ಋತು ಬುಸಾನ್ ತಂಡದ ಮ್ಯಾನೇಜರ್ ಆಗಿದ್ದರು. ಲೀಗ್ ಪ್ರಶಸ್ತಿ ಬರಲಿಲ್ಲ, ಅನುಭವ ಬಂತು. 2011ರ ಋತುವಿಗೆ ಅವರನ್ನು ಮ್ಯಾನೇಜರ್ ಆಗಿ ಕರೆದದ್ದು ಅವರದೇ ಹಳೆಯ ಪೋಹಾಂಗ್ ಕ್ಲಬ್. 2012ರಲ್ಲಿ ತಂಡ ಕೊರಿಯಾದ ಎಫ್‌ಎ ಕಪ್ ಗೆದ್ದಿತು. 2013ರಲ್ಲಿ ಒಬ್ಬ ವಿದೇಶಿ ಆಟಗಾರನೂ ಇಲ್ಲದ ತಂಡ ಕಟ್ಟಿಕೊಂಡು ಎಫ್‌ಎ ಕಪ್ ಹಾಗೂ ಲೀಗ್ ಎರಡನ್ನೂ ಗೆದ್ದರು. ಲೀಗಿನ ಕೊನೆಯ ದಿನ ಅಗ್ರಸ್ಥಾನದಲ್ಲಿದ್ದ ಉಲ್ಸಾನ್ ವಿರುದ್ಧ, ಅದರದೇ ಅಂಗಳದಲ್ಲಿ, ನಿಗದಿತ ಅವಧಿ ಮುಗಿದ ಮೇಲೆ ಬಂದ ಏಕೈಕ ಗೋಲಿನಿಂದ ಪ್ರಶಸ್ತಿ ಪೋಹಾಂಗ್ ಪಾಲಾಯಿತು. 2016ರಲ್ಲಿ ಎಫ್‌ಸಿ ಸೋಲ್ ತಂಡದೊಂದಿಗೂ ಅವರು ಕೊನೆಯ ದಿನದ ಗೆಲುವಿನಿಂದಲೇ ಲೀಗ್ ಗೆದ್ದರು.

ಹ್ವಾಂಗ್ ಅವರದು ಬರೀ ಗೆಲುವಿನ ಕಥೆಯಲ್ಲ. 2018ರಲ್ಲಿ ಫಲಿತಾಂಶ ಕೈಕೊಟ್ಟು ಸೋಲ್ ಬಿಟ್ಟರು. 23 ವರ್ಷದೊಳಗಿನವರ ರಾಷ್ಟ್ರೀಯ ತಂಡದ ಹೊಣೆ ಹೊತ್ತು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರೂ, ಮರುವರ್ಷ ಇಂಡೊನೇಷ್ಯಾ ವಿರುದ್ಧ ಪೆನಾಲ್ಟಿಯಲ್ಲಿ ಸೋತು ಕೊರಿಯಾ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹೊರಬಿತ್ತು. 1988ರಿಂದ ಒಂದು ಒಲಿಂಪಿಕ್ಸ್ ಅನ್ನೂ ತಪ್ಪಿಸಿಕೊಳ್ಳದ ದೇಶಕ್ಕೆ ಅದು ದೊಡ್ಡ ಆಘಾತ. ಆ ಇಂಡೊನೇಷ್ಯಾ ತಂಡದ ತರಬೇತುದಾರರೂ ಕೊರಿಯಾದವರೇ ಆದ ಶಿನ್ ತೇ ಯಾಂಗ್. ತನ್ನ ಆಟಗಾರರನ್ನು ತರಬೇತುದಾರರನ್ನಾಗಿಸಿ ಏಷ್ಯಾಕ್ಕೆಲ್ಲ ಕಳುಹಿಸುವಷ್ಟು ಆ ದೇಶ ಬೆಳೆದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಷ್ಟು ದೊಡ್ಡ ಸೋಲಿನ ನಂತರವೂ ಹ್ವಾಂಗ್ ಅವರಿಗೆ 2024ರ ಜೂನ್‌ನಲ್ಲಿ ಡೇಜಾನ್ ಕ್ಲಬ್ ಮತ್ತೆ ಕೆಲಸ ಕೊಟ್ಟಿತು.

ಮುಚ್ಚಿದ ಬಾಗಿಲುಗಳು

ಇಲ್ಲಿ 2011ನೇ ಇಸವಿಯನ್ನು ಗಮನಿಸಬೇಕು. ಪೋಹಾಂಗ್ ತನ್ನ ಹಳೆಯ ಸ್ಟ್ರೈಕರ್‌ನನ್ನು ಮ್ಯಾನೇಜರ್ ಆಗಿ ಬರಮಾಡಿಕೊಂಡ ಆ ವರ್ಷವೇ ಚಾಪ್‌ಮನ್ ಅವರ ಜೆಸಿಟಿ ಬಾಗಿಲು ಮುಚ್ಚಿತು. ಹೂಡಿದ ಹಣಕ್ಕೆ ತಕ್ಕ ಪ್ರಚಾರ ದೇಶೀಯ ಫುಟ್‌ಬಾಲಿನಿಂದ ದೊರೆಯುತ್ತಿಲ್ಲ ಎಂಬುದು ಆಡಳಿತ ಮಂಡಳಿ ನೀಡಿದ ಕಾರಣ. ಭಾರತದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಕ್ಲಬ್ ಹೀಗೆ ಇತಿಹಾಸ ಸೇರಿತು. ಎಫ್‌ಸಿ ಕೊಚ್ಚಿನ್ ಅದಕ್ಕೂ ಮೊದಲೇ ಆರ್ಥಿಕ ಮುಗ್ಗಟ್ಟಿನಲ್ಲಿ ಕಣ್ಮರೆಯಾಗಿತ್ತು. ಚಾಪ್‌ಮನ್ ಕಟ್ಟಿ ಬೆಳೆಸಿದ ರಾಯಲ್ ವಾಹಿಂಗ್‌ಡೋ, ಅವರ ನಂತರ ಐ-ಲೀಗ್‌ಗೆ ಏರಿ 2014-15ರಲ್ಲಿ ಮೂರನೇ ಸ್ಥಾನ ಪಡೆದು, ಆ ಸಾಧನೆಯ ಬೆನ್ನಲ್ಲೇ ಲೀಗ್‌ನಿಂದ ಹಿಂದೆ ಸರಿಯಿತು.

ಒಬ್ಬ ಆಟಗಾರನಿಗೆ ಹಳೆಯ ಕ್ಲಬ್ ಎಂದರೆ ಬರೀ ನೆನಪಲ್ಲ. ಅಲ್ಲಿಯ ಆಡಳಿತಗಾರರು ಅವನನ್ನು ಬಲ್ಲರು, ಅಭಿಮಾನಿಗಳು ಅವನ ಹೆಸರು ಮರೆತಿರುವುದಿಲ್ಲ. ಮೊದಲ ವರ್ಷ ಸೋತರೂ ಎರಡನೆಯ ವರ್ಷ ಕೊಟ್ಟು ನೋಡುವ ತಾಳ್ಮೆ ಬೇರೆಡೆ ಸಿಗುವುದು ಕಷ್ಟ, ತವರು ಕ್ಲಬ್‌ನಲ್ಲಿ ಸಿಗಬಹುದು. ಕ್ಲಬ್ಬೇ ಇಲ್ಲವೆಂದ ಮೇಲೆ ಕರೆಯುವವರಾರು? ಪೋಹಾಂಗ್ ಉಳಿದುಕೊಂಡದ್ದು ಕಂಪನಿಯ ಔದಾರ್ಯದಿಂದ ಮಾತ್ರವಲ್ಲ. ಕೊರಿಯಾದಲ್ಲಿ 1983ರಿಂದಲೇ ವೃತ್ತಿಪರ ಲೀಗ್ ಇದೆ. 1990ರಲ್ಲೇ ಪೋಹಾಂಗ್‌ಗೆ ಫುಟ್‌ಬಾಲಿಗೆಂದೇ ಕಟ್ಟಿದ ಕ್ರೀಡಾಂಗಣ ಸಿಕ್ಕಿತು. ಊರಿನ ಶಾಲೆಗಳೊಂದಿಗೆ ಬೆಸೆದ ಕಿರಿಯರ ತಂಡಗಳಿವೆ. ಕ್ಲಬ್ ಕಂಪನಿಯ ಲೆಕ್ಕಪತ್ರದ ಒಂದು ಸಾಲಾಗಿ ಉಳಿಯದೆ ಊರಿನ ಸ್ವತ್ತಾಯಿತು.

ಕರ್ನಾಟಕದಲ್ಲಿ ಇಂಥದೇ ಆಸರೆಯನ್ನು ಒಂದು ಕಾಲಕ್ಕೆ ಸಾರ್ವಜನಿಕ ಉದ್ದಿಮೆಗಳು ಕೊಟ್ಟಿದ್ದವು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ ತಂಡಗಳು, ಜತೆಗೆ ಸೇನೆಯ ಎಎಸ್‌ಸಿ ಮತ್ತು ಎಂಇಜಿ ತಂಡಗಳು ಬೆಂಗಳೂರಿನ ಲೀಗ್‌ಗೆ ಜೀವ ತುಂಬಿದ್ದವು. ಆಟಗಾರನಿಗೆ ಕಾರ್ಖಾನೆಯಲ್ಲಿ ಖಾಯಂ ನೌಕರಿ. ಆಟ ನಿಂತ ಮೇಲೂ ನಿವೃತ್ತಿಯವರೆಗೆ ಸಂಬಳ. ಬಯಸಿದರೆ ಅದೇ ತಂಡದ ತರಬೇತುದಾರನಾಗಿ ಮುಂದುವರಿಯುವ ಅವಕಾಶ. ಹೆತ್ತವರ ಪ್ರಶ್ನೆಗೆ ಇದು ತಕ್ಕ ಉತ್ತರವಾಗಿತ್ತು. ಕ್ರೀಡಾ ಕೋಟಾದ ನೇಮಕಾತಿ ಕುಗ್ಗಿದಂತೆ ಈ ಏಣಿಯೂ ಕುಸಿಯಿತು. ಎಚ್‌ಎಎಲ್ ಐ-ಲೀಗ್‌ನಲ್ಲಿ ಆಡಿ 2012ರಲ್ಲಿ ಕೆಳಗಿಳಿಯಿತು.

ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ ಧರಿಸಿತು. ನಗರಕ್ಕೆ ಫುಟ್‌ಬಾಲ್ ಹಬ್ಬ ಮರಳಿತು ನಿಜ. ಆದರೆ ಅದರ ಪ್ರಧಾನ ತರಬೇತುದಾರರ ಪಟ್ಟಿಯಲ್ಲಿ ಇಂಗ್ಲೆಂಡ್, ಸ್ಪೇನ್, ಜರ್ಮನಿಯವರ ಹೆಸರುಗಳೇ ಹೆಚ್ಚು. ಇದು ಒಂದು ಕ್ಲಬ್‌ನ ಮಾತಲ್ಲ. 2014ರಲ್ಲಿ ಸೂಪರ್ ಲೀಗ್ ಆರಂಭವಾದಾಗಿನಿಂದ ಎಲ್ಲ ಕ್ಲಬ್‌ಗಳದ್ದೂ ಬಹುಪಾಲು ಇದೇ ನೀತಿ. ಐ-ಲೀಗ್‌ನಲ್ಲಿ ಐಜ್ವಾಲ್ ತಂಡವನ್ನು 2017ರಲ್ಲಿ ಅಚ್ಚರಿಯ ಚಾಂಪಿಯನ್ ಮಾಡಿದ ಖಾಲಿದ್ ಜಮೀಲ್, ಸೂಪರ್ ಲೀಗ್ ಕ್ಲಬ್‌ನ ಖಾಯಂ ಪ್ರಧಾನ ತರಬೇತುದಾರನಾದ ಮೊದಲ ಭಾರತೀಯನೆನಿಸಿದ್ದು 2021ರಲ್ಲಿ. ಚಾಪ್‌ಮನ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ತರಬೇತುದಾರರಾಗಿ ನೇಮಕಗೊಂಡರು.

ನೆರೆಯ ಕೊಡಗಿನ ನಿದರ್ಶನ

ಕಾಫಿ ನಾಡಿನ ಆಟಗಾರ ತರಬೇತುದಾರನಾಗಿ ಮೇಲೇರಿದ ಉದಾಹರಣೆಯೇ ಇಲ್ಲವೆಂದಲ್ಲ. ಕೊಡಗಿನ ಎಂ.ಪಿ. ಗಣೇಶ್ ಯೌವನದಲ್ಲಿ ಜಿಲ್ಲೆಯ ಪರ ಫುಟ್‌ಬಾಲ್ ಆಡಿ, ಸೇನೆ ಸೇರಿದ ಬಳಿಕ ಹಾಕಿಗೆ ಹೊರಳಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷ ಅವರ ನಾಯಕತ್ವದಲ್ಲಿ ಭಾರತ ವಿಶ್ವಕಪ್ ಹಾಕಿಯಲ್ಲಿ ಬೆಳ್ಳಿ ಪಡೆಯಿತು. ಮುಂದೆ ಭಾರತ ತಂಡದ ತರಬೇತುದಾರರಾಗಿ, ಕ್ರೀಡಾ ಪ್ರಾಧಿಕಾರದ ಹಿರಿಯ ಅಧಿಕಾರಿಯಾಗಿ ಸೇವೆ ಸಲ್ಲಿಸಿದ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಗಣೇಶ್ ಅವರ ಬೆನ್ನಿಗೆ ಮೊದಲು ಸೇನೆ, ನಂತರ ಕ್ರೀಡಾ ಪ್ರಾಧಿಕಾರ ಇತ್ತು. ಎರಡೂ ಒಂದು ಋತುವಿನ ನಷ್ಟಕ್ಕೆ ಬಾಗಿಲು ಮುಚ್ಚುವ ಸಂಸ್ಥೆಗಳಲ್ಲ. ಚಾಪ್‌ಮನ್‌ಗೂ ಗಣೇಶ್‌ಗೂ ಇದ್ದ ವ್ಯತ್ಯಾಸ ಪ್ರತಿಭೆಯದಲ್ಲ, ಆಸರೆಯದು.

ಇಂದಿನ ಹಾದಿ ಹೇಗಿದೆ?

ಈಗ ತರಬೇತುದಾರನಾಗಲು ಹಿಂದಿನಂತೆ ಹೆಸರೊಂದೇ ಸಾಲದು, ಪ್ರಮಾಣಪತ್ರ ಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಮೊದಲ ಹಂತಗಳಲ್ಲೊಂದು. ಅದರ ಮೇಲೆ ಏಷ್ಯನ್ ಒಕ್ಕೂಟದ ಸಿ, ಬಿ, ಎ ಮತ್ತು ಪ್ರೊ ಎಂಬ ನಾಲ್ಕು ಮೆಟ್ಟಿಲು. ಒಂದೊಂದು ಹಂತಕ್ಕೂ ಪಾಠ, ಅಂಗಳದಲ್ಲಿ ಪ್ರಾಯೋಗಿಕ ಪರೀಕ್ಷೆ ಮತ್ತು ನಡುವೆ ತರಬೇತಿಯ ಅನುಭವ ಅಗತ್ಯ. ದೇಶದ ಅಗ್ರ ಲೀಗ್‌ನಲ್ಲಿ ಪ್ರಧಾನ ತರಬೇತುದಾರನಾಗಲು ಪ್ರೊ ಲೈಸೆನ್ಸ್ ಅಥವಾ ಅದಕ್ಕೆ ಸಮಾನವಾದ ಅರ್ಹತೆ ಬೇಕು. ತುದಿ ಮುಟ್ಟಲು ಹಲವು ವರ್ಷಗಳೇ ಹಿಡಿಯುತ್ತವೆ, ಕಲಿಕೆಯ ವೆಚ್ಚವನ್ನೂ ಭರಿಸಬೇಕಾಗುತ್ತದೆ. ಆದರೆ ಕೆಳಗಿನ ಮೆಟ್ಟಿಲು ಹತ್ತಲು ಭಾರತ ತಂಡಕ್ಕೆ ಆಡಿರಬೇಕೆಂದಿಲ್ಲ. ಶಾಲೆಯ ದೈಹಿಕ ಶಿಕ್ಷಕರೂ, ಜಿಲ್ಲಾ ಮಟ್ಟದಲ್ಲಿ ಆಡಿ ಬಿಟ್ಟವರೂ ಹತ್ತಬಹುದು. ಮೂಡಿಗೆರೆಯಿಂದ ಸುಮಾರು 250 ಕಿ.ಮೀ. ದೂರದ ಬೆಂಗಳೂರಿಗೆ ಮಕ್ಕಳನ್ನು ಕಳುಹಿಸುವ ಮೊದಲು ಇಲ್ಲಿಯೇ ಸರಿಯಾಗಿ ಚೆಂಡು ಕಲಿಸುವವರೊಬ್ಬರು ಸಿಕ್ಕರೆ ಅದೇ ಒಂದು ಆರಂಭ.

ಕರ್ನಾಟಕಕ್ಕೆ ಭರವಸೆಯ ಸೂಚನೆಗಳೂ ಇಲ್ಲದಿಲ್ಲ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ರಾಜ್ಯ ತಂಡ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಆಟಗಾರರು ಇಲ್ಲಿ ಬತ್ತಿಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಕ್ಲಬ್‌ಗಳ ಭದ್ರತೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಸೂಪರ್ ಲೀಗ್‌ನ ವಾಣಿಜ್ಯ ಒಪ್ಪಂದ ನವೀಕರಣವಾಗದೆ 2025-26ರ ಋತು ಸಕಾಲಕ್ಕೆ ಆರಂಭವಾಗದಿದ್ದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಜೆಸಿಟಿ ಮುಚ್ಚಿ ಹದಿನಾಲ್ಕು ವರ್ಷಗಳ ನಂತರ, ಅದಕ್ಕಿಂತ ಎಷ್ಟೋ ಪಟ್ಟು ಹಣ ಹರಿಯುವ ಲೀಗ್‌ನಲ್ಲೂ ಆಟಗಾರ ನಿಂತ ನೆಲ ಗಟ್ಟಿಯಾಗಿಲ್ಲ ಎಂಬುದನ್ನು ಇದು ತೋರಿಸಿತು.

ಚಾಪ್‌ಮನ್ ನಿಧನರಾದಾಗ ಜತೆಗೆ ಆಡಿದವರೂ ಅಭಿಮಾನಿಗಳೂ ಅವರ ಆಟವನ್ನು, ಅಲ್ ಜವ್ರಾ ಎದುರಿನ ಆ ಮೂರು ಗೋಲುಗಳನ್ನು ನೆನೆದರು. ಅವರು ಶಿಲ್ಲಾಂಗ್‌ನ ಗುಡ್ಡದ ಊರಿನಲ್ಲಿ ಒಂದು ತಂಡವನ್ನು ಮೇಲೆತ್ತಿದ ವರ್ಷಗಳ ಬಗ್ಗೆ ಅಷ್ಟಾಗಿ ಮಾತು ಬರಲಿಲ್ಲ. ಮಲೆನಾಡಿನ ಹುಡುಗರಿಗೆ ಬೇಕಾಗಿರುವ ಪಾಠವಿರುವುದು ಆ ವರ್ಷಗಳಲ್ಲೇ. ಬೆಟ್ಟದ ಊರೊಂದು ಕ್ಲಬ್ ಕಟ್ಟಿ, ನಾಲ್ಕಾರು ವರ್ಷ ಒಬ್ಬ ತರಬೇತುದಾರನನ್ನು ನಂಬಿದರೆ ಪ್ರಶಸ್ತಿ ಬರುತ್ತದೆ. ಆ ಕ್ಲಬ್ ಅನ್ನು ಉಳಿಸಿಕೊಳ್ಳದಿದ್ದರೆ ಅಲ್ಲಿ ಬೆಳೆದ ಆಟಗಾರನಿಗೆ ಮರಳಿ ಬರಲು ಮನೆ ಇರುವುದಿಲ್ಲ.